ಕೈಕೊಟ್ಟರೆ ಎಂದೆಯಲ್ಲ

ಹಲಸೂರು, ಬೆಂಗಳೂರು

ಚಿರಂಜೀವಿ ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರದ ಕೊನೆಯಲ್ಲಿ, ಬರೆಯಲೋ ಬೇಡವೋ ಎಂದು ಅನುಮಾನಿಸುತ್ತಲೇ ಬರೆದಂತಿದ್ದ ಒಂದು ಸಾಲು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ: "ನನಗೆ ಕೊಟ್ಟಿರುವ ಎಸ್‌ಎಲ್‌ಆರ್ ರೈಫಲ್ ನನಗಿಂತ ಹಳೆಯದು, ಬೇಕಾದ ಹೊತ್ತಿಗೆ ಕೈಕೊಟ್ಟರೆ?"

ಹಳೆಯದೆಂಬುದು ನಿಜ. 1962ರಲ್ಲಿ ನಮ್ಮವರು ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕಾದ .303 ರೈಫಲ್ ಹಿಡಿದು ಹಿಮದಲ್ಲಿ ಹೋರಾಡಿದ್ದರು. ಬೆಲ್ಜಿಯಂ ಮಾದರಿಯ ಈ ರೈಫಲ್ ಬಂಗಾಳದ ಇಷಾಪುರ ಕಾರ್ಖಾನೆಯಲ್ಲಿ ತಯಾರಾಗಿ ಸೇನೆಯ ಕೈಸೇರಿದ್ದು ಅದಾದ ಮೇಲೆ. ನಾಲ್ಕು ಕಿಲೋ ಮೀರಿದ ಭಾರ, ಭುಜಕ್ಕೆ ಒದೆತ, ಇಪ್ಪತ್ತು ಗುಂಡಿನ ಉಕ್ಕಿನ ಮ್ಯಾಗಜಿನ್. ಆಮೇಲೆ ಬಂದ ಹಗುರ ಇನ್ಸಾಸ್ ರೈಫಲ್ಲಿನ ಪ್ಲಾಸ್ಟಿಕ್ ಮ್ಯಾಗಜಿನ್ 1999ರ ಕಾರ್ಗಿಲ್ ಚಳಿಯಲ್ಲಿ ಬಿರುಕು ಬಿಟ್ಟಿತೆಂಬ ದೂರುಗಳು ಬಂದವು. 2019ರಲ್ಲಿ ಸೇನೆ ಹೊಸ ರೈಫಲ್ ಕೊಳ್ಳಲು ಹೊರಟಾಗ ಆರಿಸಿಕೊಂಡದ್ದು ಮತ್ತೆ ನಮ್ಮ ಎಸ್‌ಎಲ್‌ಆರ್‌ನ 7.62 ಮಿ.ಮೀ. ಗುಂಡನ್ನೇ. ಮುದುಕನ ಪಕ್ಷಪಾತವೆಂದು ನಗಬೇಡ.

ಆದರೂ ಕೈಕೊಟ್ಟರೆ ಎಂದೆಯಲ್ಲ. ನನಗೆ ಅದು ಒಮ್ಮೆ ಕೈಕೊಟ್ಟಿದೆ.

ರಾಜಸ್ಥಾನದ ಅಭ್ಯಾಸವೊಂದರಲ್ಲಿ ಮೊದಲ ಗುಂಡು ಹಾರಿತು, ಎರಡನೆಯದು ಒಳಗೇ ಸಿಕ್ಕಿಕೊಂಡಿತು. "ಬಂದೂಕು ಮುದಿಯಾಗಿದೆ, ಉಸ್ತಾದ್" ಎಂದು ತರಬೇತುದಾರರಿಗೆ ಹೇಳಿಬಿಟ್ಟೆ. ಅವರು ಕೋತ್, ಅಂದರೆ ಬಂದೂಕಿನ ಉಗ್ರಾಣ, ನೋಡಿಕೊಳ್ಳುತ್ತಿದ್ದ ಲಾನ್ಸ್ ನಾಯಕನನ್ನು ಕರೆದು ಬೈದರು. ಊರಿಗೆ ಹೊರಟಿದ್ದ ಅವನ ರಜೆಯೂ ನಿಂತಿತು. ರಾತ್ರಿ ಡೇರೆಯಲ್ಲಿ, ಹಾರಿದ ಗುಂಡಿನ ಗ್ಯಾಸ್ ತಳ್ಳುವ ಸರಳಾದ ಗ್ಯಾಸ್ ಪಿಸ್ಟನ್ ಹೊರತೆಗೆದಾಗ, ಹಿಂದಿನ ಸಂಜೆ ನಾನೇ ಧಾರಾಳವಾಗಿ ಸವರಿದ್ದ ಎಣ್ಣೆಗೆ ಮರಳು ಕಲಸಿ, ಅದು ಕಪ್ಪು ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಅದನ್ನು ಒರೆಸುವಷ್ಟರಲ್ಲಿ ಮೂರು ಚಿಂದಿ ಕಪ್ಪಾದವು. ಬೆಳಿಗ್ಗೆ ಯಾರಿಗೂ ಏನೂ ಹೇಳಲಿಲ್ಲ.

ಆದ್ದರಿಂದಲೇ ನಿನ್ನ ಸಾಲು ನನ್ನನ್ನು ಅಷ್ಟು ಕೆದಕಿತು. ನಿನ್ನ ಉಸ್ತಾದರಿರುವಾಗ ನಾನು ಹೇಳುವುದು ಅಧಿಕಪ್ರಸಂಗವಾದೀತು, ಆದರೂ ಪಿಸ್ಟನ್ನನ್ನೂ ಅದರ ಕೊಳವೆಯನ್ನೂ ಒಣಗಿಸಿಯೇ ಇಡು, ಅಲ್ಲಿಗೆ ಎಣ್ಣೆ ಬೇಡ. ಹಾರಿದ ಗುಂಡಿನ ಖಾಲಿ ಕೋಶ ಸರಿಯಾಗಿ ಚಿಮ್ಮದಿದ್ದರೆ ಗ್ಯಾಸ್ ರೆಗ್ಯುಲೇಟರನ್ನು ಒಂದು ಗುರುತಿನಷ್ಟು ಮುಚ್ಚುವುದು ನಮ್ಮ ಕಾಲದ ರೂಢಿ, ಹೊರಗೆ ಸೋರುವ ಗ್ಯಾಸ್ ಆಗ ಪಿಸ್ಟನ್ನಿಗೆ ಸಿಗುತ್ತದೆ. ಈಗ ಹೇಗೆ ಕಲಿಸುತ್ತಾರೋ, ಕೇಳಿಕೊಂಡು ಮಾಡು. ಮ್ಯಾಗಜಿನ್ನಿನ ಬಾಯಿ ನೆಗ್ಗಿದ್ದರೆ ಸಂಕೋಚಪಡದೆ ಬದಲಾಯಿಸಿಕೋ. ಇಷ್ಟಾದ ಮೇಲೂ ಕೈಕೊಡುವುದೇ ಇಲ್ಲವೆಂದು ನಾನು ಬರೆದುಕೊಡಲಾರೆ. ಕೊಟ್ಟಾಗ ತಡೆ ನಿವಾರಿಸುವ ಅಭ್ಯಾಸವನ್ನು ಕಣ್ಣುಮುಚ್ಚಿಯೂ ಮಾಡುವಷ್ಟು ರೂಢಿಸಿಕೋ.

ಆ ಲಾನ್ಸ್ ನಾಯಕ ಕೋಲಾರದ ಕಡೆಯವನು. ವಿಳಾಸ ನನ್ನ ಹಳೆಯ ಡೈರಿಯಲ್ಲಿದೆ, ನಿನಗೆ ಬರೆದಂತೆ ಅವನಿಗೆ ಬರೆಯಲು ಇಷ್ಟು ವರ್ಷವಾದರೂ ಆಗಲಿಲ್ಲ.

ಮುಂದಿನ ಫೈರಿಂಗ್ ಮುಗಿದ ಮೇಲೆ ಎಷ್ಟು ಚಿಂದಿ ಕಪ್ಪಾದವೆಂದು ತಿಳಿಸು.

ನಿನ್ನ ದೊಡ್ಡಪ್ಪ