ವಿಷಯ: ಮಗಳ ರೂಟ್ ಕೆನಾಲ್ ಆದ ಹಾಲುಹಲ್ಲಿಗೆ ದುಡ್ಡು ಕಟ್ಟಿಸಿಕೊಂಡೂ ಕ್ಯಾಪ್ ಹಾಕದಿರುವ ಬಗ್ಗೆ

ವ್ಯವಸ್ಥಾಪಕರಿಗೆ,
ದಂತ ಚಿಕಿತ್ಸಾಲಯ, ಬಳ್ಳಾರಿ.

ಮಾನ್ಯರೇ,

ಸಿರುಗುಪ್ಪದಿಂದ ಐದು ಸಲ ಫೋನ್ ಮಾಡಿದೆ. "ಡಾಕ್ಟ್ರಿಗೆ ಹೇಳಿ ತಿರುಗಿ ಮಾಡ್ತೀವ್ರಿ" ಅಂದವರು ಒಮ್ಮೆಯೂ ಮಾಡಲಿಲ್ಲ. ಅದಕ್ಕೇ ಈ ಪತ್ರ.

ನನ್ನ ಮಗಳಿಗೆ ಆರು ವರ್ಷ. ಕೆಳಗಿನ ದವಡೆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ಅಳುತ್ತಿದ್ದಳು. ಬೀಳುವ ಹಲ್ಲು, ಕೀಳಿಸಿಬಿಡೋಣ ಎಂದೇ ನಾನು ಬಂದದ್ದು. ಬೇಡ ಎಂದವರು ನಿಮ್ಮ ಡಾಕ್ಟರು. ಎಕ್ಸ್‌ರೇ ತೋರಿಸಿ, ಇದು ತಾನಾಗಿ ಬೀಳುವುದು 10ರಿಂದ 12ನೇ ವಯಸ್ಸಿಗೆ, ಈಗಲೇ ಕಿತ್ತರೆ ಹಿಂದೆ ಹುಟ್ಟುತ್ತಿರುವ ಶಾಶ್ವತ ಹಲ್ಲು ಮುಂದಕ್ಕೆ ವಾಲಿ, ಕೆಳಗಿನಿಂದ ಬರುವ ಹಲ್ಲಿಗೆ ಜಾಗ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು. ಹಾಲುಹಲ್ಲಿನ ಬೇರು ಮುಂದೆ ಕರಗುತ್ತದೆ, ಅದಕ್ಕೆ ರೂಟ್ ಕೆನಾಲ್ ಮಾಡಿ ಬೇರಿನೊಳಗೆ ಅದರ ಜೊತೆಗೇ ಕರಗುವ ಪೇಸ್ಟ್ ತುಂಬುತ್ತೇವೆ, ಮೇಲೆ ಸ್ಟೀಲ್ ಕ್ಯಾಪ್ ಬೇಕೇಬೇಕು, ಇಲ್ಲದಿದ್ದರೆ ಹಲ್ಲು ಒಡೆಯುತ್ತದೆ ಎಂದರು. ನಂಬಿದೆ. ಕ್ಯಾಪೂ ಸೇರಿ 6,500 ರೂಪಾಯಿ ಮೊದಲೇ ಕಟ್ಟಿದೆ.

ಮಗು ನನ್ನ ಅಂಗಿ ಜೇಬು ಹರಿಯುವ ಹಾಗೆ ಹಿಡಿದುಕೊಂಡು ಬಾಯಿ ತೆರೆದಿದ್ದಳು. ಕ್ಯಾಪಿನ ದಿನವನ್ನು ಮೂರು ಸಲ ಮುಂದಕ್ಕೆ ಹಾಕಿದಿರಿ. ಒಂದು ಸಲವಂತೂ ನಾವು ಬಸ್ಸಿಳಿದು ನಿಮ್ಮ ಬಾಗಿಲಿಗೆ ಬಂದ ಮೇಲೆ. ಐದನೇ ವಾರ ರೊಟ್ಟಿ ತಿನ್ನುವಾಗ ತಾತ್ಕಾಲಿಕ ಸಿಮೆಂಟಿನ ಜೊತೆ ಹಲ್ಲಿನ ಒಂದು ಮಗ್ಗುಲೇ ಮುರಿದು ಬಂತು.

ಆ ಚೂರನ್ನು ಕಾಗದದಲ್ಲಿ ಕಟ್ಟಿಕೊಂಡು ಮರುದಿನವೇ ಬಂದೆವು. ಕೌಂಟರಿನವರು ಕಂಪ್ಯೂಟರಿನಿಂದ ಮುಖ ಎತ್ತದೆ "ಅಪಾಯಿಂಟ್‌ಮೆಂಟ್ ಐತೇನ್ರಿ?" ಎಂದರು. "ಇಲ್ರಿ, ಹಲ್ಲು ಮುರದೈತಿ" ಎಂದು ಪೊಟ್ಟಣ ಬಿಚ್ಚಿಟ್ಟೆ. ಅದನ್ನು ಪೆನ್ನಿನ ತುದಿಯಿಂದ ನನ್ನ ಕಡೆ ತಳ್ಳಿದರು. "ಕ್ಯಾಪಿಂದು ಬ್ಯಾರೆ ಆಗ್ತೈತ್ರಿ." ರಶೀದಿಯಲ್ಲಿ ಕ್ಯಾಪ್ ಎಂದಿರುವ ಸಾಲಿನ ಮೇಲೆ ಬೆರಳಿಟ್ಟು ಓದಿದೆ. ಆಗ, ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ, "ಬೀಳೋ ಹಲ್ಲಿಗೆ ಇಷ್ಟ್ಯಾಕ ಗಲಾಟಿ ಮಾಡ್ತೀರಿ?" ಎಂದರು. ಎಲ್ಲರೂ ನನ್ನನ್ನೇ ನೋಡಿದರು. ಮಗಳು "ಹೋಗಾನ ನಡಿಯಪ್ಪ" ಎಂದು ಕೈ ಎಳೆದಳು.

ಒಳಗಿನ ಕೋಣೆಯಲ್ಲಿ ಹನ್ನೆರಡನೇ ವಯಸ್ಸಿನವರೆಗೆ ಉಳಿಯಬೇಕಿದ್ದ ಹಲ್ಲು ಕೌಂಟರಿಗೆ ಬರುವಷ್ಟರಲ್ಲಿ ಬೀಳೋ ಹಲ್ಲಾಯಿತೇ? ಹಾಗಾದರೆ ಆ ಮಾತನ್ನು ದುಡ್ಡು ಎಣಿಸಿಕೊಳ್ಳುವ ಮುಂಚೆ ಹೇಳಬೇಕಿತ್ತು.

ಈಗ ಬೇರೆ ಡಾಕ್ಟರು, ಹಲ್ಲು ಉಳಿಯುವುದಿಲ್ಲ, ಕಿತ್ತು ಜಾಗ ಕಾಯುವ ತಂತಿ ಹಾಕಬೇಕು ಎಂದಿದ್ದಾರೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಂತೆ ದರಪಟ್ಟಿ ಕಾಣುವ ಹಾಗೆ ಹಾಕಬೇಕೆಂಬುದು ನಿಮಗೆ ಗೊತ್ತಿರದ ಸಂಗತಿಯಲ್ಲ. ನಿಮ್ಮ ಗೋಡೆಯ ಮೇಲೆ ನಗುವ ಮಕ್ಕಳ ಚಿತ್ರಗಳಿವೆ, ದರಪಟ್ಟಿ ಇಲ್ಲ.

15 ದಿನದೊಳಗೆ ನನ್ನ 6,500 ರೂಪಾಯಿಯೂ ಆ ತಂತಿಯ ಖರ್ಚೂ ಬರಬೇಕು. ಇಲ್ಲದಿದ್ದರೆ 2019ರ ಗ್ರಾಹಕರ ಕಾಯ್ದೆಯಡಿ ಬಳ್ಳಾರಿಯ ಜಿಲ್ಲಾ ಆಯೋಗಕ್ಕೆ ದೂರು ಕೊಡುತ್ತೇನೆ. 5 ಲಕ್ಷದೊಳಗಿನ ದೂರಿಗೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದೂ ಇಲ್ಲ. ರಶೀದಿ, ಎಕ್ಸ್‌ರೇ, ಆ ಹಲ್ಲಿನ ಚೂರು ಮೂರೂ ನನ್ನ ಹತ್ತಿರ ಇವೆ. ದುಡ್ಡು ಬಂದರೂ, ನನ್ನ ಮಗಳ ಎದುರು ಆಡಿದ ಆ ಮಾತಿಗೆ ಕ್ಷಮೆ ಬರದಿದ್ದರೆ ದೂರು ಹಾಕಿಯೇ ಹಾಕುತ್ತೇನೆ.

ಇಂತಿ,
ಮಗುವಿನ ತಂದೆ, ಸಿರುಗುಪ್ಪ