ಎರಡು ದಿನದ ದಾರಿಯಲ್ಲ: ಸುಮಾಳಿಗೆ ಮಾವನ ಪತ್ರ

ಚಿ. ಸುಮಾಳಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರದಲ್ಲಿ ಬೇರೆಲ್ಲ ಓದಿ ಸಂತೋಷವಾಯಿತು. ಆದರೆ "ಅಮ್ಮಂಗೆ ಏನಾದರೂ ಆದರೆ ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಎರಡು ದಿನದ ದಾರಿ" ಎಂದು ಬರೆದಿದ್ದೀಯಲ್ಲ, ಆ ಸಾಲು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಎರಡು ದಿನ ಬೇಡ ಮಗಳೇ. ನೀನಿರುವ ಸ್ಯಾನ್ ಫ್ರಾನ್ಸಿಸ್ಕೋಗೂ ಬೆಂಗಳೂರಿಗೂ ಹೆಚ್ಚುಕಡಿಮೆ 14,000 ಕಿಲೋಮೀಟರು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ನಾಲ್ವರು ಹೆಣ್ಣುಮಕ್ಕಳು ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರಲ್ಲ, ಹಿಡಿದದ್ದು ಸುಮಾರು 17 ಗಂಟೆ. 9ರ ರಾತ್ರಿ ಹೊರಟವರು 11ರ ನಸುಕಿಗೆ ಇಳಿದರು. ಕ್ಯಾಲೆಂಡರಿನಲ್ಲಿ ಎರಡು ದಿನ ಕಾಣುತ್ತದೆ, ಅದರಲ್ಲಿ 13½ ಗಂಟೆ ಎರಡೂರಿನ ಗಡಿಯಾರಗಳ ಅಂತರ ಅಷ್ಟೆ. ನಡುವೆ ವಿಮಾನ ಬದಲಿಸಿದರೆ 20 ಗಂಟೆ ದಾಟುತ್ತದೆ, ನಿಜ. ಆಮೇಲೆ ನಮ್ಮೂರು ಸಾಗರಕ್ಕೆ ಒಂದು ರಾತ್ರಿಯ ಬಸ್ಸು. 2023ರಿಂದ ಶಿವಮೊಗ್ಗಕ್ಕೂ ವಿಮಾನ ಬರುತ್ತಿದೆ, ಹೊತ್ತು ಕೂಡಿಬಂದರೆ ಅದನ್ನೂ ನೋಡಬಹುದು.

ಇಷ್ಟು ಲೆಕ್ಕ ಹೇಳಿದ್ದಕ್ಕೆ ನಿನ್ನ ಭಯ ಹೋಗುತ್ತದೆ ಎಂದು ನಾನು ತಿಳಿದಿಲ್ಲ. ನಾನೂ ಇದೇ ಲೆಕ್ಕ ಹಾಕಿದವನು. ನನ್ನ ಅಪ್ಪ ತೀರಿಹೋದಾಗ ನಾನಿದ್ದ ದೆಹಲಿಗೂ ಬೆಂಗಳೂರಿಗೂ ರೈಲಿನಲ್ಲಿ 2,400 ಕಿಲೋಮೀಟರು, ನಿನ್ನ ದೂರದ ಆರನೇ ಒಂದು ಪಾಲು. ಟೆಲಿಗ್ರಾಂ ಕೈಸೇರಿ, ಎರಡು ಹಗಲು ಎರಡು ರಾತ್ರಿ ರೈಲಿನಲ್ಲಿ ಕೂತು, ಬಸ್ಸು ಹಿಡಿದು ಮನೆ ಮುಟ್ಟಿದಾಗ ನಿನ್ನ ಅಮ್ಮ ಜಗಲಿಯಲ್ಲಿ ಸುಮ್ಮನೆ ಕೂತಿದ್ದಳು. ಆಮೇಲೆ ಎಷ್ಟೋ ವರ್ಷ ಆ ರೈಲಿನ ಗಂಟೆಗಳನ್ನೇ ಎಣಿಸಿದೆ. ಈಗ ಹೆಚ್ಚು ನೋಯುವುದು ಬೇರೆ. ಅವರು ಹೋಗುವುದಕ್ಕೆ ಹಿಂದಿನ ದೀಪಾವಳಿಗೆ ಅಪ್ಪ "ಬಂದು ನಾಲ್ಕು ದಿನ ಇದ್ದು ಹೋಗು" ಎಂದು ಬರೆದಿದ್ದರು. ಅಡಿಕೆ ಕೊಯ್ಲಿನ ಕಾಲ, ನನ್ನ ಜೊತೆ ತೋಟ ಸುತ್ತುವ ಆಸೆ ಅವರಿಗೆ. ನನಗೆ ರಜೆ ಸಿಗಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡ. ಕೊನೆಗಳಿಗೆಗೆ ಬೇಕಾಗುತ್ತದೆಂದು ರಜೆಯನ್ನೆಲ್ಲ ಕೂಡಿಡಬೇಡ. ನಿನ್ನ ಅಮ್ಮ ತಾನೇ ಎದ್ದು ಅಂಗಳಕ್ಕೆ ಬಂದು ಕೂರುವಷ್ಟು ಗಟ್ಟಿಯಿರುವಾಗಲೇ ಬಾ. ಟಿಕೆಟ್ಟಿನ ದರ, ನಿನ್ನ ಆಫೀಸಿನ ಕಷ್ಟ ನನಗೆಷ್ಟು ಗೊತ್ತು? ಡಿಸೆಂಬರ್ ದುಬಾರಿಯಾದರೆ ನವೆಂಬರ್ ಆಗಬಹುದೇನೋ. ಮಗುವಿನ ಪಾಸ್‌ಪೋರ್ಟು, ಓಸಿಐ ಕಾರ್ಡು (ವಿದೇಶಿ ಪಾಸ್‌ಪೋರ್ಟಿರುವ ಭಾರತೀಯ ಮೂಲದವರಿಗೆ ಕೊಡುವುದು) ಒಮ್ಮೆ ತೆಗೆದು ನೋಡಿಟ್ಟುಕೋ.

ಅವಸರದ ದಿನ ಬಾರದಿರಲಿ. ಬಂದರೂ, ನೀನು ಆಕಾಶದಲ್ಲಿರುವ ಅಷ್ಟೂ ಗಂಟೆ ನಾನು ಅವಳ ಪಕ್ಕದಲ್ಲಿರುತ್ತೇನೆ. ಅವಳು ಒಬ್ಬಳೇ ಇರುವುದಿಲ್ಲ. ಇದನ್ನು ಮಾತ್ರ ಮನಸ್ಸಿನಲ್ಲಿಟ್ಟುಕೋ.

ಇನ್ನೊಂದು. ಚಳಿಗಾಲದಲ್ಲಿ ಇಲ್ಲಿ ರಾತ್ರಿ 8 ಆದಾಗ ನಿನಗೆ ಬೆಳಿಗ್ಗೆ 6:30, ಆಗ ಫೋನು ಮಾಡಿದರೆ ಅವಳು ಊಟ ಮುಗಿಸಿ ಆರಾಮಾಗಿರುತ್ತಾಳೆ. ಬರೀ ಮಾತ್ರೆ ನುಂಗಿದೆಯಾ ಎಂದು ಕೇಳಬೇಡ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದು ಹೇಗೆಂದು ಕೇಳು, ಅರ್ಧ ಗಂಟೆ ಮಾತಾಡುತ್ತಾಳೆ.

ಇಂತಿ ನಿನ್ನ ಮಾವ