ಅಪ್ಪನ ವ್ಯಾಗನ್ ಆರ್ ಈಗ ನಿನ್ನದು, ಸ್ವಲ್ಪ ಕೇಳು

ಪ್ರೀತಿಯ ಪುಟ್ಟಿ,

ನಿಮ್ಮಪ್ಪ 2008ರಲ್ಲಿ ಕೊಂಡ ವ್ಯಾಗನ್ ಆರ್ ಈಗ ಮೈಸೂರಿನಲ್ಲಿ ನಿನ್ನ ಮನೆ ಮುಂದೆ ನಿಂತಿದೆ ಅಂತ ಕೇಳಿ ಖುಷಿಯಾಯಿತು. ಆದರೆ ಮೊನ್ನೆ ಫೋನಿನಲ್ಲಿ "ತರಕಾರಿ ತರೋಕೆ ಮಾತ್ರ ತೆಗೀತೀನಿ ದೊಡ್ಡಪ್ಪ, ಓಡೋದೇ ಇಲ್ಲ, ಸರ್ವಿಸ್ ಯಾಕೆ" ಅಂದೆಯಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೇ ಕಾರು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದೇ ಜಾಸ್ತಿ. ನೀನು ಕಿಲೋಮೀಟರ್ ಲೆಕ್ಕ ಬಿಡು, ಕ್ಯಾಲೆಂಡರ್ ಲೆಕ್ಕ ಇಟ್ಟುಕೋ.

ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಒಳಗಿನ ನೀರಿನ ಪಸೆ ಆವಿಯಾಗಿ ಹೋಗದೆ ಆಯಿಲ್ ಜೊತೆ ಸೇರಿಕೊಳ್ಳುತ್ತದೆ. ಆದ್ದರಿಂದ ಎರಡು ಸಾವಿರ ಕಿಲೋಮೀಟರ್ ಓಡಿರಲಿ, ಅದಕ್ಕಿಂತ ಕಡಿಮೆ ಓಡಿರಲಿ, ವರ್ಷಕ್ಕೊಮ್ಮೆ ಆಯಿಲ್ಲೂ ಫಿಲ್ಟರೂ ಬದಲಿಸಲೇಬೇಕು. ಮನೆ ಮುಂದೆ ಸುಮ್ನೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಏನೂ ಉಪಯೋಗವಿಲ್ಲ, ವಾರಕ್ಕೊಮ್ಮೆ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಡಿಸು, ಬ್ಯಾಟರಿಗೂ ಅದೇ ಔಷಧ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ನೊರೆ ಕಂಡರೆ ಹೆದರಬೇಡ, ಬರೀ ಹತ್ತಿರ ಓಡುವ ಕಾರುಗಳಲ್ಲಿ ಅದು ಇದ್ದದ್ದೇ. ಆದರೆ ನೊರೆಯ ಜೊತೆಗೆ ಎಂಜಿನ್ ತಣ್ಣಗಿಡುವ ಕೂಲೆಂಟೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಆಯಿಲ್ಲೂ ಕೂಲೆಂಟೂ ಸೇರದ ಹಾಗೆ ತಡೆಯುವ ಎಂಜಿನ್ ಒಳಗಿನ ಸೀಲ್, ಹೋಗಿರಬಹುದು, ಕೂಡಲೇ ತೋರಿಸು.

ಕೂಲೆಂಟ್ ಕಡಿಮೆಯಾಯಿತು ಅಂತ ಬೋರ್‌ವೆಲ್ ನೀರು ಮಾತ್ರ ಸುರಿಯಬೇಡ, ರೇಡಿಯೇಟರ್ ಒಳಗೆ ಉಪ್ಪು ಕಟ್ಟುತ್ತದೆ. ಎಂಜಿನ್ ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೂ ಬೇಡ.

ಬ್ರೇಕ್ ಆಯಿಲ್ ಯಾರಿಗೂ ನೆನಪಿರುವುದಿಲ್ಲ. ಅದು ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ತೇವ ಜಾಸ್ತಿಯಾದಷ್ಟೂ ಬೇಗ ಕುದಿಯುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಬಂದರೆ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ಬದಲಿಸು, ಇಳಿಯುವಾಗ ಸೆಕೆಂಡ್ ಗೇರ್ ಬಿಡಬೇಡ.

ಇನ್ನು ರಬ್ಬರು. ನನಗೆ ನಿಜವಾಗಿ ಚಿಂತೆ ಇರುವುದು ಇದರದ್ದೇ. ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳದಲ್ಲಿ ತಿರುಗಿಸುವುದಕ್ಕೆ ನಿನ್ನ ಕಾರಿನಲ್ಲಿ ಇರುವುದು ಟೈಮಿಂಗ್ ಬೆಲ್ಟ್ ಅನ್ನುವ ರಬ್ಬರ್ ಪಟ್ಟಿ, ಈಗಿನ ಎಷ್ಟೋ ಕಾರುಗಳ ಹಾಗೆ ಚೈನ್ ಅಲ್ಲ. ಅದು ತುಂಡಾದರೆ ಎಂಜಿನ್ ನಿಂತ ಜಾಗದಲ್ಲೇ ನಿಂತಿತು, ಮುನ್ಸೂಚನೆ ಏನೂ ಕೊಡುವುದಿಲ್ಲ. ಯಾವಾಗ ಬದಲಿಸಿದ್ದು ಅಂತ ಬಿಲ್ ಸಿಗದಿದ್ದರೆ, ಬದಲಿಸಿಲ್ಲ ಅಂತಲೇ ತಿಳಿದು ಹೊಸದು ಹಾಕಿಸು, ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕೂಡ. ಟೈರ್ ಪಕ್ಕದಲ್ಲಿ ಡಾಟ್ (DOT) ಅನ್ನುವ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2317 ಅಂತಿದ್ದರೆ 2017ರ 23ನೇ ವಾರದಲ್ಲಿ ತಯಾರಾದದ್ದು. ಬಟನ್, ಅಂದರೆ ಟೈರ್ ಮೇಲಿನ ಅಚ್ಚು, ಎಷ್ಟೇ ಚೆನ್ನಾಗಿರಲಿ, ಅಷ್ಟು ಹಳೇ ಟೈರ್ ಹಾಕಿಕೊಂಡು ಹೈವೇಗೆ ಹೋಗುವುದು ಬೇಡ. ಪೆಟ್ರೋಲ್ ಪೈಪುಗಳನ್ನೂ ನೋಡಿಸು. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್ ಇದೆ, 2008ರ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡದೆ ಮೆಕ್ಯಾನಿಕ್ಕನ್ನೇ ಮನೆಗೆ ಕರೆಸು.

ಮೆಕ್ಯಾನಿಕ್ ಅಂದರೆ, ಒಬ್ಬನನ್ನೇ ಹಿಡಿದುಕೋ. ಬದಲಿಸಿದ ಹಳೇ ಪಾರ್ಟ್ ಕೇಳಿ ಕಣ್ಣಾರೆ ನೋಡು, ಕೇಳಿದರೆ ಅವನೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಂಜಿನ್ ಫ್ಲಶ್, ಎಸಿ ಡಿಸ್‌ಇನ್ಫೆಕ್ಷನ್, ಟೆಫ್ಲಾನ್ ಕೋಟಿಂಗ್ ಅಂತ ಪಟ್ಟಿ ಓದಿದರೆ ನಕ್ಕು ಬೇಡ ಅನ್ನು. ಆ ದುಡ್ಡಿಗೆ ಬೆಲ್ಟ್ ಬರುತ್ತದೆ!

ಆರ್‌ಸಿಯ 15 ವರ್ಷ 2023ಕ್ಕೇ ಮುಗಿದಿರಬೇಕಲ್ವಾ? ಎಫ್‌ಸಿ ಮಾಡಿಸಿದ್ದರೆ ಮತ್ತೆ 5 ವರ್ಷ ಕೊಟ್ಟಿರುತ್ತಾರೆ, ಅಪ್ಪನನ್ನು ಕೇಳಿ ತಾರೀಖು ಬರೆದಿಟ್ಟುಕೋ. ಈ ಭಾನುವಾರ ನಾಲ್ಕೂ ಟೈರಿನ ನಂಬರ್ ಓದಿ ನನಗೆ ವಾಟ್ಸಾಪ್ ಮಾಡು, ಸ್ಟೆಪ್ನಿಯದ್ದೂ ಮರೆಯಬೇಡ.

ಇಂತಿ,
ನಿನ್ನ ದೊಡ್ಡಪ್ಪ